ಅಲಾರಂ ಕಾರಣವಿಲ್ಲದೆ ಕೂಗುವುದಿಲ್ಲ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಶಾಲೆ-ಹಾಸ್ಟೆಲ್‌ಗಳ ಮೇಲ್ವಿಚಾರಕರು, ಪೋಷಕರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ನಾನು ಭಾಷಣಕಾರನಲ್ಲ. ಏಣಿ, ಸ್ಕ್ರೂಡ್ರೈವರ್, ಮಲ್ಟಿಮೀಟರ್ ಹಿಡಿದುಕೊಂಡು ಊರೂರು ತಿರುಗುವ ಮೆಕ್ಯಾನಿಕ್. ಫೈರ್ ಅಲಾರಂ ಕೂರಿಸುವುದು, ಕೆಟ್ಟರೆ ಸರಿ ಮಾಡುವುದು ನನ್ನ ಕಸುಬು. ಕಾರ್ಯದರ್ಶಿಗಳು "ನಮ್ಮ ಹಾಸ್ಟೆಲ್‌ಗಳವರಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಹೇಳಿ" ಎಂದರು. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದ್ದರಿಂದ ನಾನೇ ಮಾಡಿದ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ ತಿಂಗಳು. ಒಂದು ಹಾಸ್ಟೆಲ್‌ನ ವಾರ್ಡನ್ ಸಾಹೇಬರು ಬೆಳಗಿನ ಜಾವ ಫೋನ್ ಮಾಡಿದರು. "ಭಾಯ್, ಇವತ್ತೂ ಐದು ಗಂಟೆಗೆ ಸರಿಯಾಗಿ ಹೊಡೆದುಕೊಂಡಿತು. ಇದು ನಾಲ್ಕನೇ ದಿನ. ಹುಡುಗರಿಗೆ ನಿದ್ದೆ ಇಲ್ಲ, ಅಕ್ಕಪಕ್ಕದವರು ಬಯ್ಯುತ್ತಿದ್ದಾರೆ. ಏನಾದರೂ ಮಾಡಿ" ಎಂದರು. ನಾನು ದೂರದ ಊರಿನಲ್ಲಿದ್ದೆ. ಯಾವ ಬಟನ್ ಒತ್ತಿದರೆ ಎರಡನೇ ಮಹಡಿಯ ಡಿಟೆಕ್ಟರ್‌ಗಳು ಬಂದ್ ಆಗುತ್ತವೆ ಎಂದು ಫೋನಿನಲ್ಲೇ ಹೇಳಿಕೊಟ್ಟೆ. "ಎರಡು ದಿನದಲ್ಲಿ ಬಂದು ನೋಡುತ್ತೇನೆ ಸಾಹೇಬರೇ" ಎಂದೆ. ಎರಡು ದಿನ ಎಂದದ್ದು ಹನ್ನೊಂದು ದಿನವಾಯಿತು. ಹನ್ನೊಂದನೆಯ ರಾತ್ರಿ ಅದೇ ಮಹಡಿಯ ಒಂದು ಕೋಣೆಯಲ್ಲಿ ಹಾಸಿಗೆಯ ಮೇಲೆ ಚಾರ್ಜಿಗೆ ಹಾಕಿದ್ದ ಮೊಬೈಲ್ ಕಾದು, ಹಾಸಿಗೆ ಹೊಗೆಯಾಡತೊಡಗಿತು. ಪರೀಕ್ಷೆಗೆ ಓದಲು ಎದ್ದಿದ್ದ ಪಕ್ಕದ ಕೋಣೆಯ ಹುಡುಗನಿಗೆ ವಾಸನೆ ಬಂದು ಕೂಗಿದ್ದರಿಂದ ಎಲ್ಲರೂ ಹೊರಗೆ ಬಂದರು. ಒಬ್ಬ ಹುಡುಗ ಎರಡು ದಿನ ಕೆಮ್ಮಿದ. ಅಷ್ಟಕ್ಕೇ ಮುಗಿಯಿತು.

ಆ ಕೋಣೆಯ ಡಿಟೆಕ್ಟರ್ ಚೆನ್ನಾಗಿಯೇ ಇತ್ತು, ಬ್ಯಾಟರಿಯೂ ಇತ್ತು. ಅದರ ಬಾಯಿ ಮುಚ್ಚಿದ್ದವನು ನಾನು. ಐದು ಗಂಟೆಗೆ ಕೂಗುತ್ತಿದ್ದುದಕ್ಕೆ ಕಾರಣ ಏನಿತ್ತು ಗೊತ್ತೇ? ಚಳಿಗಾಲವಾದ್ದರಿಂದ ಹುಡುಗರು ಆ ಹೊತ್ತಿಗೆ ಬಿಸಿನೀರಿನ ಸ್ನಾನ ಮಾಡುತ್ತಿದ್ದರು. ಬಚ್ಚಲುಮನೆಯ ಬಾಗಿಲಿನ ಎದುರಿಗೇ ಡಿಟೆಕ್ಟರ್ ಇತ್ತು. ಹಬೆ ನೇರವಾಗಿ ಅದರೊಳಗೆ ಹೋಗುತ್ತಿತ್ತು. ಅದೊಂದನ್ನು ಬೇರೆ ಜಾಗಕ್ಕೆ ಸರಿಸುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯ ಕೆಲಸವನ್ನು ಮುಂದೂಡಿ ಮೂವತ್ತು ಮಕ್ಕಳನ್ನು ಹನ್ನೊಂದು ರಾತ್ರಿ ಕಾವಲಿಲ್ಲದೆ ಮಲಗಿಸಿದೆ.

ಬಂಧುಗಳೇ, ಇದು ನಮ್ಮ ಜಿಲ್ಲೆಯದಷ್ಟೇ ಕಥೆಯಲ್ಲ. ಅಮೆರಿಕದ ನ್ಯೂಜೆರ್ಸಿಯ ಸೆಟನ್ ಹಾಲ್ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ 2000ನೇ ಇಸವಿಯ ಜನವರಿ 19ರ ಬೆಳಗಿನ ಜಾವ ಬೆಂಕಿ ಬಿತ್ತು. ಅಲಾರಂ ಕೂಗಿತು. ಆದರೆ ಹಿಂದಿನ ಕೆಲವು ತಿಂಗಳಲ್ಲಿ ಅದು 18 ಬಾರಿ ಸುಳ್ಳಾಗಿ ಕೂಗಿತ್ತು. ಇದೂ ಹಾಗೆಯೇ ಎಂದುಕೊಂಡು ಅನೇಕ ವಿದ್ಯಾರ್ಥಿಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಆ ದುರಂತದಲ್ಲಿ ಮೂವರು ವಿದ್ಯಾರ್ಥಿಗಳು ಸತ್ತರು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತು. ಒಂದು ವ್ಯತ್ಯಾಸವಿದೆ. ಆ ಹುಡುಗ ತಮಾಷೆಗೆ ಕೂಗಿದ್ದ, ಅಲಾರಂ ತಮಾಷೆಗೆ ಕೂಗುವುದಿಲ್ಲ. ಬೆಂಕಿ ಇಲ್ಲದಿದ್ದರೆ ಹಬೆ, ಧೂಳು, ಹುಳ, ಹೀಗೆ ಏನಾದರೂ ಒಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕಬೇಕೇ ಹೊರತು ಅಲಾರಂ ಬಂದ್ ಮಾಡಬಾರದು. ಈ ಒಂದು ಮಾತನ್ನು ಹೇಳುವುದಕ್ಕೇ ನಾನಿಲ್ಲಿ ನಿಂತಿದ್ದೇನೆ.

ವ್ಯವಸ್ಥೆ ಕೆಲಸ ಮಾಡುವ ರೀತಿ

ದೋಷ ಹುಡುಕಬೇಕಾದರೆ ಯಂತ್ರ ಹೇಗೆ ನಡೆಯುತ್ತದೆ ಎಂಬುದು ಸ್ವಲ್ಪ ತಿಳಿದಿರಬೇಕು. ಚಾವಣಿಯಲ್ಲಿ ಬಟ್ಟಲಿನಂತೆ ಕಾಣುವ ಹೊಗೆ ಡಿಟೆಕ್ಟರ್ ಒಳಗೆ ಕತ್ತಲೆಯ ಒಂದು ಪುಟ್ಟ ಗೂಡಿದೆ. ಒಂದು ಕಡೆ ಸಣ್ಣ ಎಲ್‌ಇಡಿ ದೀಪ, ಇನ್ನೊಂದು ಕಡೆ ಬೆಳಕನ್ನು ಗುರುತಿಸುವ ಕಣ್ಣು. ಎರಡೂ ಎದುರುಬದುರಾಗಿಲ್ಲದ ಕಾರಣ ದೀಪದ ಬೆಳಕು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಹೊಗೆ ಒಳಗೆ ಬಂದರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ, ಆಗ ಅಲಾರಂ. ಕಿಟಕಿಯಿಂದ ಬಿಸಿಲುಕೋಲು ಬಿದ್ದಾಗ ಗಾಳಿಯ ಧೂಳು ಮಿನುಗುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಹಬೆ, ಹಿಟ್ಟಿನ ಧೂಳು, ಗೂಡಿನೊಳಗೆ ಮನೆ ಮಾಡಿಕೊಂಡ ಸಣ್ಣ ಜೇಡ, ಇವುಗಳಿಗೂ ಬೆಳಕು ಚದುರುತ್ತದೆ. ಹೊಗೆ ಯಾವುದು, ಹಬೆ ಯಾವುದು ಎಂಬ ವ್ಯತ್ಯಾಸ ಆ ಕಣ್ಣಿಗೆ ಅಷ್ಟಾಗಿ ತಿಳಿಯದು.

ಹಳೆಯ ಪದ್ಧತಿಯಲ್ಲಿ ಪ್ರತಿ ಡಿಟೆಕ್ಟರ್‌ನಿಂದ ಪ್ಯಾನೆಲ್‌ವರೆಗೆ ತಂತಿ ಎಳೆಯುತ್ತಾರೆ. ವೈರ್‌ಲೆಸ್ ಪದ್ಧತಿಯಲ್ಲಿ ತಂತಿಯ ಬದಲು ರೇಡಿಯೋ ತರಂಗ. ಗೋಡೆ ಕೊರೆಯಬೇಕಾಗಿಲ್ಲ, ಹಳೆಯ ಕಟ್ಟಡಕ್ಕೆ ಅನುಕೂಲ. ಆದರೆ ತಂತಿ ಹೋದ ಜಾಗಕ್ಕೆ ಎರಡು ಹೊಣೆ ಬರುತ್ತವೆ. ಒಂದು ಬ್ಯಾಟರಿ, ಇನ್ನೊಂದು ಸಿಗ್ನಲ್. ಡಿಟೆಕ್ಟರ್ ಬ್ಯಾಟರಿ ಉಳಿಸಲು ಹೆಚ್ಚು ಹೊತ್ತು ನಿದ್ದೆಯಲ್ಲಿದ್ದು, ಆಗಾಗ ಎಚ್ಚೆತ್ತು "ನಾನು ಇದ್ದೇನೆ" ಎಂದು ಪ್ಯಾನೆಲ್‌ಗೆ ಹಾಜರಿ ಹೇಳುತ್ತದೆ. ಹಾಜರಿ ತಪ್ಪಿದರೆ ಪ್ಯಾನೆಲ್ ದೋಷ ತೋರಿಸಬೇಕು. ಯುರೋಪಿನ ಇಎನ್ 54-25 ಎಂಬ ಮಾನದಂಡದ ಪ್ರಕಾರ ಸಂಪರ್ಕ ಕಡಿದರೆ 300 ಸೆಕೆಂಡಿನೊಳಗೆ ಅದು ಗೊತ್ತಾಗಬೇಕು, ಬ್ಯಾಟರಿ ಕನಿಷ್ಠ 36 ತಿಂಗಳು ಬಾಳಬೇಕು. ನಮ್ಮ ದೇಶದಲ್ಲಿ ಅಲಾರಂ ಕೂರಿಸುವ ಮತ್ತು ನಿರ್ವಹಿಸುವ ಕ್ರಮಕ್ಕೆ ಐಎಸ್ 2189 ಎಂಬ ಸಂಹಿತೆಯಿದೆ.

ಪ್ಯಾನೆಲ್ ಮುಂದೆ ನಿಂತಾಗ ಮೂರು ಸಂಗತಿ ಬೇರೆ ಬೇರೆ ಎಂದು ತಿಳಿಯಿರಿ. ಕೆಂಪು ದೀಪ ಎಂದರೆ ಬೆಂಕಿಯ ಸೂಚನೆ. ಹಳದಿ ದೀಪದೊಂದಿಗೆ 'ಫಾಲ್ಟ್' ಎಂದಿದ್ದರೆ ವ್ಯವಸ್ಥೆಯಲ್ಲಿ ಎಲ್ಲೋ ಕಾವಲು ತಪ್ಪಿದೆ. ಹಳದಿಯೊಂದಿಗೆ 'ಡಿಸೇಬಲ್' ಎಂದಿದ್ದರೆ ನಾವೇ ಯಾವುದನ್ನೋ ಬಂದ್ ಮಾಡಿದ್ದೇವೆ. ನನ್ನ ಕಥೆಯ ಹಾಸ್ಟೆಲ್‌ನಲ್ಲಿ ಈ ಮೂರನೆಯ ದೀಪ ಹನ್ನೊಂದು ದಿನ ಉರಿಯುತ್ತಲೇ ಇತ್ತು. ಅದರ ಪಕ್ಕದಲ್ಲೇ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು.

ಬ್ಯಾಟರಿ

ವೈರ್‌ಲೆಸ್ ವ್ಯವಸ್ಥೆಯಲ್ಲಿ ಹೆಚ್ಚಾಗಿ ಬರುವ ದೂರು ಬ್ಯಾಟರಿಯದು. 'ಲೋ ಬ್ಯಾಟರಿ' ಎಂದು ಬಂದ ಕೂಡಲೇ ಡಿಟೆಕ್ಟರ್ ಸತ್ತಿತೆಂದಲ್ಲ, ಮುನ್ಸೂಚನೆ ಅಷ್ಟೇ. ಆದರೆ ಮುನ್ಸೂಚನೆಯನ್ನು ವಾರಗಟ್ಟಲೆ ಬಿಟ್ಟರೆ ನಿಜವಾಗಿಯೂ ಸಾಯುತ್ತದೆ. ಇವುಗಳಲ್ಲಿ ಬಹುಪಾಲಿಗೆ 3 ವೋಲ್ಟಿನ ಲಿಥಿಯಂ ಬ್ಯಾಟರಿ ಬೇಕು. ತಯಾರಕರು ಹೇಳಿದ ಮಾದರಿಯನ್ನೇ ಹಾಕಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ರೀಚಾರ್ಜ್ ಬ್ಯಾಟರಿ ಹಾಕಬಾರದು. ಎರಡು ಬ್ಯಾಟರಿ ಇರುವ ಕಡೆ ಒಂದು ಹಳೆಯದು, ಒಂದು ಹೊಸದು ಮಾಡಬಾರದು. ಹಾಕಿದ ದಿನಾಂಕವನ್ನು ಬ್ಯಾಟರಿಯ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ.

ಮೂರು ವರ್ಷ ಬರಬೇಕಾದ ಬ್ಯಾಟರಿ ಆರೇ ತಿಂಗಳಿಗೆ ಮುಗಿದರೆ ಬ್ಯಾಟರಿಯನ್ನು ಬಯ್ಯಬೇಡಿ. ಸಿಗ್ನಲ್ ದುರ್ಬಲವಾಗಿದ್ದರೆ ಡಿಟೆಕ್ಟರ್ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ, ಜೋರಾಗಿಯೂ ಹೇಳುತ್ತದೆ. ದೂರದವರ ಜೊತೆ ಕೂಗಿ ಮಾತಾಡಿದರೆ ಗಂಟಲು ಬೇಗ ಒಣಗುವಂತೆ ಅದರ ಬ್ಯಾಟರಿ ಬೇಗ ಬರಿದಾಗುತ್ತದೆ. ಅಂದರೆ ತೋರುವ ದೋಷ ಬ್ಯಾಟರಿಯದು, ಮೂಲ ದೋಷ ಸಿಗ್ನಲ್‌ನದು.

ಸಿಗ್ನಲ್

ಸಿಗ್ನಲ್ ವಿಚಾರಕ್ಕೆ ಗೌರಿಬಿದನೂರಿನ ಉದಾಹರಣೆಯೇ ಇದೆ. ಆ ಊರಿನ ಹತ್ತಿರ 1970ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ರೇಡಿಯೋ ದೂರದರ್ಶಕ ಕಟ್ಟಿದವು. ಸಾವಿರ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದಂತೆ ಬಯಲಿನಲ್ಲಿ ನಿಲ್ಲಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದಿಂದ ಬರುವ ಅಲೆಗಳನ್ನು ಆಲಿಸಿದರು. 1997ರಿಂದ ಸೂರ್ಯನನ್ನು ಗಮನಿಸುವ ರೇಡಿಯೋ ಹೀಲಿಯೋಗ್ರಾಫ್ ಕೂಡ ಅಲ್ಲಿದೆ. ಇಂಥ ಕೆಲಸಕ್ಕೆ ನಗರದ ರೇಡಿಯೋ ಗದ್ದಲದಿಂದ ದೂರವಿರುವ ಜಾಗ ಬೇಕು. ಕ್ಷೀಣವಾದ ದನಿ ಕೇಳಬೇಕಾದರೆ ಸುತ್ತ ಗದ್ದಲ ಇರಬಾರದು. ಡಿಟೆಕ್ಟರ್ ಮಾತಾಡುವುದೂ ಕ್ಷೀಣವಾದ ದನಿಯಲ್ಲೇ. ನಾವು ಮಾತ್ರ ಅದರ ಪ್ಯಾನೆಲ್ ಅನ್ನು ವೈ-ಫೈ ರೂಟರ್, ಇನ್ವರ್ಟರ್, ಸಿಸಿ ಕ್ಯಾಮೆರಾ ಪೆಟ್ಟಿಗೆ, ಕಬ್ಬಿಣದ ಬೀರು ಇವುಗಳ ನಡುವೆ ತುರುಕಿ "ಸಿಗ್ನಲ್ ಬರುವುದಿಲ್ಲ" ಎನ್ನುತ್ತೇವೆ.

ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ನಡುವೆ ಕಡಿಮೆ ಶಕ್ತಿಯ ಉಪಕರಣಗಳನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಅದರ ಪಕ್ಕದಲ್ಲೇ, 869ರಿಂದ, ಮೊಬೈಲ್ ಟವರ್‌ಗಳ ಒಂದು ಬ್ಯಾಂಡ್ ಆರಂಭವಾಗುತ್ತದೆ. ವಿದೇಶದಿಂದ ತಂದ ಉಪಕರಣ ನಮ್ಮ ಬ್ಯಾಂಡಿನೊಳಗೆ ಇರದಿದ್ದರೆ ಕಾನೂನಿಗೂ ತಪ್ಪು, ಟವರ್ ಪಕ್ಕದ ಕಟ್ಟಡದಲ್ಲಿ ಕೆಲಸಕ್ಕೂ ತೊಂದರೆ. ಕೊಳ್ಳುವಾಗಲೇ ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ಅನುಮೋದನೆ ಪತ್ರ ಕೇಳಿ.

ಚಿಂತಾಮಣಿ ಕಡೆಯ ಒಂದು ಗೋದಾಮಿನ ಸಂಗತಿ ಹೇಳುತ್ತೇನೆ. ಒಂದು ಡಿಟೆಕ್ಟರ್ ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತಿತ್ತು. ನನಗಿಂತ ಮೊದಲು ಬಂದವರು ಎರಡು ಬಾರಿ ಬ್ಯಾಟರಿ ಬದಲಿಸಿದ್ದರು, ಒಮ್ಮೆ ಡಿಟೆಕ್ಟರ್ ಅನ್ನೇ ಬದಲಿಸಿದ್ದರು. ಅವರು ಬಂದಾಗಲೆಲ್ಲ ಅದು ಸರಿಯಾಗಿಯೇ ಇರುತ್ತಿತ್ತು. ನಾನು ಪ್ಯಾನೆಲ್‌ನ ನೆನಪಿನಲ್ಲಿದ್ದ ಹಳೆಯ ದಾಖಲೆ ತೆಗೆದು, ಒಂದು ಹಾಳೆಯಲ್ಲಿ ಸಮಯ ಬರೆದುಕೊಂಡೆ. ದೋಷ ಬರುತ್ತಿದ್ದುದು ದಿನಾ ರಾತ್ರಿ ಎಂಟೂವರೆಯ ಸುಮಾರಿಗೆ, ಹೋಗುತ್ತಿದ್ದುದು ಬೆಳಗ್ಗೆ ಒಂಬತ್ತಕ್ಕೆ. ಭಾನುವಾರ ಇಡೀ ದಿನ ದೋಷ. ಗೊತ್ತಾಯಿತಲ್ಲ? ರಾತ್ರಿ ಕಬ್ಬಿಣದ ರೋಲಿಂಗ್ ಷಟರ್ ಎಳೆಯುತ್ತಿದ್ದರು. ಡಿಟೆಕ್ಟರ್ ಷಟರಿನ ಒಳಗೆ, ಪ್ಯಾನೆಲ್ ಹೊರಗಿನ ಆಫೀಸಿನಲ್ಲಿ. ಕಬ್ಬಿಣ ರೇಡಿಯೋ ಅಲೆಯನ್ನು ತಡೆಯುತ್ತದೆ. ಒಂದು ರಿಪೀಟರ್ ಅನ್ನು ಪಕ್ಕದ ಗೋಡೆಯ ಕಿಟಕಿಯ ಬಳಿ ಕೂರಿಸಿದೆ, ದೋಷ ಹೋಯಿತು. ಕಾವಲು ಹೆಚ್ಚಾಗಿ ಬೇಕಾದ ಹೊತ್ತಿನಲ್ಲೇ, ಅಂದರೆ ಯಾರೂ ಇಲ್ಲದ ರಾತ್ರಿಯಲ್ಲೇ, ಆ ಗೋದಾಮಿಗೆ ಕಾವಲಿರಲಿಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಸಣ್ಣ ಉಪಾಯ. ಈ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಗೋಡೆ, ತಗಡುಗಳಿಗೆ ಬಡಿದು ಬಂದ ಅಲೆಗಳು ಕೆಲವು ಜಾಗಗಳಲ್ಲಿ ಒಂದನ್ನೊಂದು ಕೊಂದುಹಾಕುತ್ತವೆ. ಅಂಥ ಸತ್ತ ಜಾಗದಲ್ಲಿ ಡಿಟೆಕ್ಟರ್ ಇದ್ದರೆ ಅರ್ಧ ಗೇಣು, ಒಂದು ಗೇಣು ಸರಿಸಿದರೂ ಸಾಕು, ಸಿಗ್ನಲ್ ಸುಧಾರಿಸುವುದುಂಟು. ಅಳೆಯುವಾಗ ಬಾಗಿಲು, ಷಟರ್ ಮುಚ್ಚಿ ಅಳೆಯಿರಿ. ಹಾಸ್ಟೆಲ್‌ಗೆ ಹೊಸದಾಗಿ ಕಬ್ಬಿಣದ ಮಂಚ, ಬೀರು ತಂದ ಮೇಲೆ ಮತ್ತೊಮ್ಮೆ ಅಳೆಯಿರಿ.

ಹಬೆ, ಧೂಳು, ಸುಣ್ಣಬಣ್ಣ

ಶಿಡ್ಲಘಟ್ಟದಿಂದ ಬಂದಿರುವ ರೀಲರ್ ಕುಟುಂಬಗಳಿಗೆ ಈ ಭಾಗ ಮುಖ್ಯ. ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ಗೂಡು ಬೇಯುವ ಹಬೆ ಇಡೀ ದಿನ ಇರುತ್ತದೆ, ಒಲೆಯ ಹೊಗೆಯೂ ಇರುತ್ತದೆ. ಅಲ್ಲಿ ಹೊಗೆ ಡಿಟೆಕ್ಟರ್ ಹಾಕಿದರೆ ದಿನಕ್ಕೆ ಹತ್ತು ಸಲ ಕೂಗುತ್ತದೆ. ನಂತರ ಯಾರಾದರೂ ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಕಡೆ ಹೊಗೆಯದಲ್ಲ, ಶಾಖದ ಡಿಟೆಕ್ಟರ್ ಹಾಕಬೇಕು. ಸುತ್ತಲಿನ ಶಾಖ ಸಾಮಾನ್ಯವಾಗಿ 57-60 ಡಿಗ್ರಿ ದಾಟಿದಾಗ ಅದು ಕೂಗುತ್ತದೆ. ಶಾಖ ಏರುವ ವೇಗ ನೋಡಿ ಕೂಗುವ ಬಗೆಯೂ ಉಂಟು, ಆದರೆ ಒಲೆ ಹಚ್ಚಿದಾಗ ಬೇಗ ಕಾಯುವ ಜಾಗಕ್ಕೆ ಅದು ಬೇಡ. ಘಟಕದ ಮೇಲೆಯೇ ಸಂಸಾರ ವಾಸವಿರುವ ಮನೆಗಳು ಅಲ್ಲಿ ಇವೆ. ಹೊಗೆ ಡಿಟೆಕ್ಟರ್ ಬೇಕಾಗಿರುವುದು ಮಲಗುವ ಕೋಣೆ, ಮೆಟ್ಟಿಲು ಮತ್ತು ನೂಲು ಇಡುವ ಕೋಣೆಯಲ್ಲಿ. ಇದು ದುರಸ್ತಿಯ ಮಾತಲ್ಲ, ಆಯ್ಕೆಯ ಮಾತು. ತಪ್ಪು ಜಾಗದಲ್ಲಿರುವ ಒಳ್ಳೆಯ ಡಿಟೆಕ್ಟರ್ ಅನ್ನು ಯಾರೂ ದುರಸ್ತಿ ಮಾಡಲಾರರು.

ಧೂಳು ಕೂತರೆ ಡಿಟೆಕ್ಟರ್ ತೆಗೆದು ಮೃದುವಾದ ಬ್ರಷ್ ಮತ್ತು ಗಾಳಿಯಿಂದ ಶುಚಿ ಮಾಡಬೇಕು, ಒದ್ದೆ ಬಟ್ಟೆ ಒಳಗೆ ಹಾಕಬಾರದು. ಚಿಕ್ಕಬಳ್ಳಾಪುರ, ನಂದಿ ಬೆಟ್ಟದ ಕಡೆ ಚಳಿಗಾಲದಲ್ಲಿ ಮಂಜು ಹೆಚ್ಚು. ಕಿಟಕಿ ತೆರೆದಿಟ್ಟ ಕಾರಿಡಾರಿನಲ್ಲಿ ಬೆಳಗಿನ ಜಾವ ತೇವ ಕೂತು ಸುಳ್ಳು ಅಲಾರಂ ಬರಬಹುದು.

ಇನ್ನು ಸುಣ್ಣಬಣ್ಣದ ಕಾಲ. ಬಣ್ಣ ಬಳಿಯುವವರು ಡಿಟೆಕ್ಟರ್‌ಗಳನ್ನು ತೆಗೆದು ಒಂದು ಬಕೆಟ್‌ನಲ್ಲಿ ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕ ಜಾಗಕ್ಕೆ ತಿರುಗಿಸುತ್ತಾರೆ. ವೈರ್‌ಲೆಸ್ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ವಿಳಾಸ ಇರುವುದು ಡಿಟೆಕ್ಟರ್‌ನಲ್ಲೇ, ಚಾವಣಿಯಲ್ಲಲ್ಲ. ಪ್ಯಾನೆಲ್‌ನಲ್ಲಿ ಯಾವ ದೋಷವೂ ಕಾಣುವುದಿಲ್ಲ, ಹಸಿರು ದೀಪ. ಆದರೆ ಐದನೇ ಕೋಣೆಯಲ್ಲಿ ಬೆಂಕಿ ಬಿದ್ದರೆ ಪ್ಯಾನೆಲ್ ಹನ್ನೆರಡನೇ ಕೋಣೆ ಎಂದು ತೋರಿಸುತ್ತದೆ, ನೀವು ಅಲ್ಲಿಗೆ ಓಡುತ್ತೀರಿ. ಆದ್ದರಿಂದ ತೆಗೆಯುವ ಮೊದಲು ಪ್ರತಿಯೊಂದರ ಮೇಲೂ ಕೋಣೆಯ ನಂಬರ್ ಚೀಟಿ ಅಂಟಿಸಿ. ಧೂಳು ಬೀಳದಂತೆ ಹಾಕಿದ ಮುಚ್ಚಳಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ.

ಕರೆಂಟು

ಡಿಟೆಕ್ಟರ್ ಬ್ಯಾಟರಿಯಲ್ಲಿ ನಡೆದರೂ ಪ್ಯಾನೆಲ್‌ಗೆ ಕರೆಂಟು ಬೇಕು. ಅದರೊಳಗೆ ಕರೆಂಟು ಹೋದಾಗ ನಡೆಸಲು ಬೇರೆ ಬ್ಯಾಟರಿ ಇರುತ್ತದೆ. ನಮ್ಮ ಕಡೆ ಕರೆಂಟು ಹೋಗಿ ಬರುವುದು ಹೊಸದಲ್ಲ. ಬಿಸಿ ಕೋಣೆಯಲ್ಲಿ ಈ ಬ್ಯಾಟರಿ ಬೇಗ ಕೆಡುತ್ತದೆ. ಮೀಟರಿನಲ್ಲಿ ವೋಲ್ಟೇಜ್ ಸರಿ ತೋರಿಸಿದರೂ ಹೊರೆ ಬಿದ್ದಾಗ ಕುಸಿಯುತ್ತದೆ. ಅದನ್ನು ತಿಳಿಯುವ ಬಗೆ ಸುಲಭ. ಎಲ್ಲರಿಗೂ ಮೊದಲೇ ಹೇಳಿ, ಹಗಲು ಹೊತ್ತಿನಲ್ಲಿ ಮೇನ್ ತೆಗೆದು, ಕೆಲವು ಗಂಟೆಯಾದ ಮೇಲೆ ಹೂಟರ್ ಹೊಡೆಸಿ ನೋಡಿ. ಹೂಟರ್ ಕೀರಲು ದನಿ ಮಾಡಿ ನಿಂತರೆ ಬ್ಯಾಟರಿಯ ಆಯುಷ್ಯ ಮುಗಿದಿದೆ.

ಕ್ರಮ

ದೋಷ ಬಂದಾಗ ನಾನು ಅನುಸರಿಸುವ ಕ್ರಮವನ್ನು ಬರೆದುಕೊಳ್ಳಿ.

1. ಮೊದಲು ಬೆಂಕಿ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಕೆಂಪು ದೀಪ ಬಂದರೆ ಎಲ್ಲರನ್ನೂ ಹೊರಗೆ ಕಳುಹಿಸಿ. ಹೊಗೆ ಕಂಡರೆ 101 ಅಥವಾ 112ಕ್ಕೆ ಫೋನ್ ಮಾಡಿ. ಕಾರಣ ಹುಡುಕುವ ಕೆಲಸ ಆಮೇಲೆ.

2. ಏನನ್ನೂ ಒತ್ತುವ ಮೊದಲು ಪ್ಯಾನೆಲ್‌ನಲ್ಲಿ ಬರೆದಿರುವುದನ್ನು ಓದಿ ಬರೆದಿಡಿ, ಅಥವಾ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ರೀಸೆಟ್ ಮಾಡಿದ ಮೇಲೆ ತೆರೆಯ ಮೇಲಿನ ಸಾಕ್ಷಿ ಅಳಿಸಿಹೋಗುತ್ತದೆ.

3. ಸಮಯ ನೋಡಿ. ದಿನಾ ಒಂದೇ ಹೊತ್ತಿಗೆ ಬಂದರೆ ಆ ಹೊತ್ತಿಗೆ ಕಟ್ಟಡದಲ್ಲಿ ಏನು ನಡೆಯುತ್ತದೆ ಎಂದು ಕೇಳಿ. ಅಡಿಗೆಯವರು, ಕಸ ಗುಡಿಸುವವರು, ವಾಚ್‌ಮ್ಯಾನ್ ಇವರನ್ನು ಕೇಳಿ. ಇಂಜಿನಿಯರ್‌ಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ.

4. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬ್ಯಾಟರಿ, ಜಾಗ, ಡಿಟೆಕ್ಟರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ತಿಳಿಯದೆ ಹೋದದ್ದು ತಿಳಿಯದೆಯೇ ಮರಳಿ ಬರುತ್ತದೆ.

5. ಸರಿಯಾದ ಮೇಲೆ ಪರೀಕ್ಷಿಸಿ. ಊದುಬತ್ತಿ, ಕಾಗದ ಸುಟ್ಟು ಅಲ್ಲ. ಅದಕ್ಕೆಂದೇ ಇರುವ ಹೊಗೆ ಸ್ಪ್ರೇ ಬಳಸಿ.

6. ಯಾವುದನ್ನಾದರೂ ಬಂದ್ ಮಾಡಲೇಬೇಕಾದರೆ ಅದೊಂದನ್ನೇ ಮಾಡಿ, ಇಡೀ ಮಹಡಿಯನ್ನಲ್ಲ. ಯಾರು ಬಂದ್ ಮಾಡಿದರು, ಎಂದು ತೆರೆಯಬೇಕು ಎಂದು ಪುಸ್ತಕದಲ್ಲಿ ಬರೆಯಿರಿ. ಅಲ್ಲಿಯವರೆಗೆ ರಾತ್ರಿ ಒಬ್ಬರು ಎಚ್ಚರವಾಗಿದ್ದು ಸುತ್ತಬೇಕು.

ಈ ಆರನೆಯದನ್ನು ನಾನು ಅಂದು ಮಾಡಿರಲಿಲ್ಲ. ಆದ್ದರಿಂದಲೇ ಇಂದು ಒತ್ತಿ ಹೇಳುತ್ತಿದ್ದೇನೆ.

ಕೊನೆಯ ಮಾತು

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ 94 ಮಕ್ಕಳು ಬೆಂಕಿಗೆ ಬಲಿಯಾದರು. ಆ ದುರಂತದ ನಂತರ ನಡೆದ ಮೊಕದ್ದಮೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಶಾಲೆಗಳಲ್ಲಿ ಅಗ್ನಿಶಾಮಕ ಸಾಧನ ಮತ್ತು ಸಿಬ್ಬಂದಿಗೆ ತರಬೇತಿ ಇರಬೇಕೆಂದು ಆದೇಶಿಸಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಹೊಗೆ ತುಂಬಿದ ಕಟ್ಟಡದಿಂದ ಪಾರಾಗಲು ಕೆಲವರು ಮೇಲಿಂದ ಜಿಗಿದಿದ್ದರು. ಇಂಥ ಕಡೆ ಮನುಷ್ಯನಿಗೆ ಬೇಕಾಗಿರುವುದು ಕೆಲವು ನಿಮಿಷ. ಆ ನಿಮಿಷಗಳನ್ನು ಸಂಪಾದಿಸಿಕೊಡುವುದೇ ಅಲಾರಂನ ಕೆಲಸ. ಅದು ಬೆಂಕಿ ಆರಿಸುವುದಿಲ್ಲ, ಎಬ್ಬಿಸುತ್ತದೆ ಅಷ್ಟೇ.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಪ್ರತಿ ಹಾಸ್ಟೆಲ್‌ನಲ್ಲಿ ಒಬ್ಬ ಸಿಬ್ಬಂದಿ ಮತ್ತು ಇಬ್ಬರು ದೊಡ್ಡ ವಿದ್ಯಾರ್ಥಿಗಳಿಗೆ ಪ್ಯಾನೆಲ್ ಓದುವುದನ್ನು ಕಲಿಸಿ. ಪ್ಯಾನೆಲ್ ಪಕ್ಕದಲ್ಲಿ ದಾರ ಕಟ್ಟಿದ ಒಂದು ನೋಟ್‌ಬುಕ್, ಒಂದು ಪೆನ್ ಇರಲಿ. ತಿಂಗಳಿಗೊಮ್ಮೆ ಹೂಟರ್ ಹೊಡೆಸಿ ಮಕ್ಕಳನ್ನು ಅಂಗಳಕ್ಕೆ ಕರೆತಂದು ಎಣಿಸಿ. ಐಟಿಐ, ಡಿಪ್ಲೊಮಾ ಓದುತ್ತಿರುವ ಹುಡುಗರಿಗೆ, ಹುಡುಗಿಯರಿಗೂ, ಒಂದು ಮಾತು: ಈ ಕಸುಬಿಗೆ ಜನ ಬೇಕಾಗಿದ್ದಾರೆ. ದೊಡ್ಡ ಬುದ್ಧಿವಂತಿಕೆಗಿಂತ ತಾಳ್ಮೆ ಮತ್ತು ಬರೆದಿಡುವ ಅಭ್ಯಾಸ ಇದಕ್ಕೆ ಹೆಚ್ಚು ಬೇಕು.

ಅಂದು ಕೆಮ್ಮುತ್ತಾ ಅಂಗಳದಲ್ಲಿ ಕುಳಿತಿದ್ದ ಆ ಹುಡುಗ ನನ್ನನ್ನು ಕೇಳಿದ: "ಅಂಕಲ್, ನಮ್ಮ ರೂಮಿನದು ಯಾಕೆ ಹೊಡೆಯಲಿಲ್ಲ?" ಅವನಿಗೆ ಆಗ ಉತ್ತರ ಹೇಳಲಾಗಲಿಲ್ಲ. ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ. ಇಂಥ ಪ್ರಶ್ನೆ ಕೇಳಬೇಕಾದ ಸ್ಥಿತಿ ನಿಮ್ಮ ಯಾವ ಮಗುವಿಗೂ ಬಾರದಿರಲಿ.